ಹಳೆ ಡೀಸೆಲ್ ಜೀಪು ಸ್ಟಾರ್ಟ್ ಆಗ್ತಿಲ್ವಾ? ಮೊದಲು ಸೈಲೆನ್ಸರ್ ಕಡೆ ನೋಡಿ

ಮಳೆಗಾಲದ ಬೆಳಿಗ್ಗೆ ಮಲೆನಾಡಿನ ಯಾವ ಊರಿಗೆ ಹೋದರೂ ಈ ಸದ್ದು ಕೇಳುತ್ತದೆ. ಯಾರದೋ ಅಂಗಳದಲ್ಲಿ ಹಳೆ ಜೀಪಿಗೆ ಸೆಲ್ಫ್ ಹೊಡೆಯುತ್ತಿರುತ್ತಾರೆ. ಮೊದಲು ಜೋರಾಗಿ ತಿರುಗುತ್ತದೆ, ಆಮೇಲೆ ನಿಧಾನ, ಕೊನೆಗೆ ಬರೀ ಟಕ್ ಟಕ್. ಅಲ್ಲಿಗೆ ಬ್ಯಾಟರಿ ಮುಗಿಯಿತು. ಜೀಪು ಯಾಕೆ ಸ್ಟಾರ್ಟ್ ಆಗಲಿಲ್ಲ ಅನ್ನೋದು ಮಾತ್ರ ಗೊತ್ತಾಗಲಿಲ್ಲ.

ಮುಂದಿನದು ಇನ್ನೂ ದುಬಾರಿ. ಯಾರೋ ಬಂದು ‘ಪಂಪು ಹೋಗಿದೆ’ ಅನ್ನುತ್ತಾರೆ, ಅಂದರೆ ಇಂಜಿನ್ನಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ದೊಡ್ಡ ಪಂಪು. ಪಂಪು ಬಿಚ್ಚಿ ಪೇಟೆಗೆ ಹೋಗುತ್ತದೆ. ವಾರ ಬಿಟ್ಟು ದೊಡ್ಡ ಬಿಲ್ಲಿನ ಜೊತೆ ವಾಪಸ್ ಬರುತ್ತದೆ. ಜೀಪು ಆಗಲೂ ಸ್ಟಾರ್ಟ್ ಆಗುವುದಿಲ್ಲ. ನಮ್ಮ ಮನೆಯಲ್ಲೇ ಹೀಗೆ ಎರಡು ಸಲ ಆಗಿದೆ. ಎರಡನೇ ಸಲ ಕೊನೆಗೆ ಸಿಕ್ಕ ತೊಂದರೆ, ಟ್ಯಾಂಕಿನ ಹತ್ತಿರ ಸೀಳು ಬಿಟ್ಟಿದ್ದ ಗೇಣುದ್ದದ ರಬ್ಬರ್ ಪೈಪು.

ಹಳೆ ಡೀಸೆಲ್ ಇಂಜಿನ್ನಿಗೆ ಬೇಕಾದದ್ದು ಮೂರೇ. ಸೆಲ್ಫ್ ಜೋರಾಗಿ ತಿರುಗಬೇಕು. ಒಳಗೆ ಗಾಳಿ ಚೆನ್ನಾಗಿ ಒತ್ತಿ ಬಿಸಿಯಾಗಬೇಕು. ಆ ಬಿಸಿ ಗಾಳಿಗೆ ಸರಿಯಾದ ಹೊತ್ತಿಗೆ ಡೀಸೆಲ್ ಸಿಂಪಡಿಸಬೇಕು. ಕಿಡಿ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ. ಹಾಗಾಗಿ ಹುಡುಕುವ ಜಾಗವೂ ಕಡಿಮೆ. ಪ್ಯೂಜೋ ಇಂಜಿನ್ನಿನ ಮಹೀಂದ್ರ ಜೀಪು, ಡಿಐ (ಡೀಸೆಲ್ ನೇರ ಸಿಲಿಂಡರಿಗೇ ಬೀಳುವ) ಇಂಜಿನ್ನಿನ ಜೀಪು, ಡೀಸೆಲ್ ಅಂಬಾಸಿಡರ್, ಹಳೆ ಟ್ರ್ಯಾಕ್ಟರ್ ಎಲ್ಲಕ್ಕೂ ಇದೇ ಲೆಕ್ಕ. ಕಂಪ್ಯೂಟರ್ ನಿಯಂತ್ರಣದ ಹೊಸ ಬಗೆಯ ಕಾಮನ್ ರೈಲ್ ಇಂಜಿನ್ನಿನ ಗಾಡಿಯಾದರೆ ಮುಂದೆ ಹೇಳುವ ಪೈಪು ಸಡಿಲಿಸುವ ಕೆಲಸಕ್ಕೆ ಕೈ ಹಾಕಲೇಬೇಡಿ. ಅದರ ಪೈಪಿನಲ್ಲಿ ಸಾವಿರ ಬಾರ್‌ಗಿಂತ ಜಾಸ್ತಿ ಒತ್ತಡ ಇರುತ್ತದೆ.

ಹಂತ 1: ಸುಲಭದವು ಮೊದಲು

ಟ್ಯಾಂಕಿನಲ್ಲಿ ಡೀಸೆಲ್ ಇದೆಯಾ? ಮುಳ್ಳನ್ನು ನಂಬಬೇಡಿ, ಕಡ್ಡಿ ಇಳಿಸಿ ನೋಡಿ. ಇಂಜಿನ್ ಆಫ್ ಮಾಡುವ ಎಳೆಯುವ ಗುಂಡಿ ಇದ್ದರೆ ಪೂರ್ತಿ ಒಳಗೆ ಹೋಗಿದೆಯಾ? ಅದರ ಕೇಬಲ್ ತುಕ್ಕು ಹಿಡಿದು ಅರ್ಧದಲ್ಲೇ ನಿಂತರೆ ಪಂಪು ಡೀಸೆಲ್ ಕೊಡುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಗುಂಡಿ ಸರಿಯಾಗಿ ಕಂಡರೂ ಪಂಪಿನ ಹತ್ತಿರದ ಲಿವರನ್ನು ಕೈಯಲ್ಲೇ ಒತ್ತಿ ನೋಡಿ.

ಬ್ಯಾಟರಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಅರ್ಧ. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಮೊದಲು ಟರ್ಮಿನಲ್ ಕೆರೆದು ಶುಚಿ ಮಾಡಿ, ಇಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿ ಬಿಚ್ಚಿ ತುಕ್ಕು ಉಜ್ಜಿ. ಹೊಸ ಬ್ಯಾಟರಿ ತರುವುದು ಆಮೇಲೆ.

ಹಂತ 2: ಹೊಗೆ ನೋಡಿ

ಒಬ್ಬರು ಸೆಲ್ಫ್ ಹೊಡೆಯಲಿ, ನೀವು ಹಿಂದೆ ನಿಂತು ಸೈಲೆನ್ಸರ್ ನೋಡಿ. ಹತ್ತು ಸೆಕೆಂಡ್ ಸಾಕು. ಒಂದೇ ಸಮನೆ ಹೊಡೆದರೆ ಸ್ಟಾರ್ಟರ್ ಮೋಟಾರ್ ಸುಡುತ್ತದೆ. ಪ್ರತಿ ಸಲ ಒಂದು ನಿಮಿಷ ಬಿಡುವು ಕೊಡಿ.

ಹೊಗೆ ಏನೂ ಬರಲಿಲ್ಲ ಅಂದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿಲ್ಲ. ಕಣ್ಣು ಉರಿಸುವ ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ, ಏರ್ ಫಿಲ್ಟರ್ ಬಿಚ್ಚಿ ನೋಡಿ. ಆರು ತಿಂಗಳು ನಿಂತ ಗಾಡಿಯಾದರೆ ಅಲ್ಲಿ ಇಲಿ ಗೂಡು ಕಟ್ಟಿರುವುದೂ ಉಂಟು.

ಈ ಒಂದು ನೋಟಕ್ಕೆ ಅರ್ಧ ಕೆಲಸ ಮುಗಿಯುತ್ತದೆ. ಆದರೂ ಇದನ್ನು ಮಾಡುವವರು ಕಡಿಮೆ. ಎಲ್ಲರೂ ಬಾನೆಟ್ ಎತ್ತಿ ಮುಂದೆಯೇ ನಿಂತಿರುತ್ತಾರೆ, ಹಿಂದೆ ಯಾರೂ ಇರುವುದಿಲ್ಲ.

ಸ್ಟಾರ್ಟಿಂಗ್ ಸ್ಪ್ರೇ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಏರ್ ಫಿಲ್ಟರಿಗೆ ಸ್ಪ್ರೇ ಹೊಡೆಯುವುದು, ಪೆಟ್ರೋಲ್ ಬಟ್ಟೆ ಹಿಡಿಯುವುದು ಎರಡೂ ಬೇಡ. ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವ ಮೊದಲು ಇಂಜಿನ್ ಒಳಗೆ ಬಿಸಿ ಮಾಡುವ ಪ್ಲಗ್) ಕಾದಿರುವ ಇಂಜಿನ್ನಿಗೆ ಸ್ಪ್ರೇ ಹೋದರೆ ಪಿಸ್ಟನ್ ಮೇಲೆ ಬರುವ ಮೊದಲೇ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ರಿಂಗ್ ಒಡೆಯುತ್ತದೆ, ಬೆಂಕಿ ಹಿಂದಕ್ಕೆ ಮುಖಕ್ಕೂ ಬರಬಹುದು.

ಹಂತ 3: ಹೊಗೆ ಇಲ್ಲದಿದ್ದರೆ, ಏರ್ ಹಿಡಿದಿದೆ ಅಂತಲೇ ಶುರು ಮಾಡಿ

ಏರ್ ಹಿಡಿಯುವುದು ಅಂದರೆ ಡೀಸೆಲ್ ಪೈಪಿಗೆ ಗಾಳಿ ಸೇರುವುದು. ನಾನು ನೋಡಿದ ಹತ್ತು ಜೀಪುಗಳಲ್ಲಿ ಏಳೆಂಟರ ತೊಂದರೆ ಇಲ್ಲೇ ಇತ್ತು. ಜನ ಎಡವುವುದೂ ಇಲ್ಲೇ.

ದೊಡ್ಡ ಪಂಪಿಗೆ ಡೀಸೆಲ್ ಒದಗಿಸುವ ಸಣ್ಣ ಪಂಪೇ ಫೀಡ್ ಪಂಪು. ಟ್ಯಾಂಕಿನಿಂದ ಅದರ ತನಕ ಡೀಸೆಲನ್ನು ಹೀರಿ ತರಬೇಕು. ಹೀರುವ ಪೈಪಿನಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಗಾಳಿ ಒಳಗೆ ಬರುತ್ತದೆ, ಡೀಸೆಲ್ ಹೊರಗೆ ಬರುವುದಿಲ್ಲ. ‘ಎಲ್ಲೂ ಲೀಕ್ ಇಲ್ಲ, ಎಲ್ಲಾ ಒಣಗಿದೆ’ ಅಂತ ಮೆಕ್ಯಾನಿಕ್ ಹೇಳುವುದು ನಿಜವೇ. ಒಣಗಿದ್ದರೂ ಗಾಳಿ ಎಳೆಯುತ್ತಿರುತ್ತದೆ. ರಾತ್ರಿ ಗಾಡಿ ನಿಂತಾಗ ಆ ಸೀಳಿನಿಂದ ಗಾಳಿ ಒಳಗೆ ಹೋಗಿ, ಡೀಸೆಲ್ ನಿಧಾನವಾಗಿ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಬೆಳಿಗ್ಗೆ ಪೈಪು ಖಾಲಿ.

ಇದಕ್ಕೊಂದು ಸುಲಭದ ಗುರುತಿದೆ. ಮೂತಿ ಇಳಿಜಾರಿನ ಕಡೆ ಮಾಡಿ ನಿಲ್ಲಿಸಿದ ದಿನ ಸ್ಟಾರ್ಟ್ ಆಗಿ, ಮೂತಿ ಮೇಲೆ ಮಾಡಿದ ದಿನ ಆಗದಿದ್ದರೆ ಪಂಪಿನ ಮೇಲೆ ಅನುಮಾನ ಬೇಡ. ಪೈಪಿನ ದಾರಿ ಹಿಡಿಯಿರಿ.

ಏರ್ ತೆಗೆಯುವುದು ಹೀಗೆ. ಮೊದಲು ಫಿಲ್ಟರ್, ಪಂಪು, ಬೋಲ್ಟುಗಳ ಸುತ್ತ ಮಣ್ಣು ಒರೆಸಿ. ಕೆಳಗೊಂದು ಹಳೆ ಬಟ್ಟೆ ಹಾಕಿ. ಫೀಡ್ ಪಂಪಿನ ಮೇಲೆ ಗುಂಡಿ ಇರುತ್ತದೆ, ಹ್ಯಾಂಡ್ ಪ್ರೈಮರ್. ಅದನ್ನು ಎಡಕ್ಕೆ ತಿರುಗಿಸಿ ಬಿಡಿಸಿದರೆ ಮೇಲಕ್ಕೆ ಏಳುತ್ತದೆ. ಈಗ ಫಿಲ್ಟರ್ ತಲೆ ಮೇಲಿನ ಏರ್ ಸ್ಕ್ರೂವನ್ನು ಎರಡು ಸುತ್ತು ಸಡಿಲ ಮಾಡಿ, ಪ್ರೈಮರನ್ನು ಮೇಲೆ ಕೆಳಗೆ ಒತ್ತಿ.

ಮೊದಲ ಇಪ್ಪತ್ತು ಮೂವತ್ತು ಸಲ ಕೈಗೆ ಏನೂ ಸಿಗುವುದಿಲ್ಲ, ಪೊಳ್ಳು. ಇಲ್ಲೇ ಜನ ಕೈ ಬಿಡುತ್ತಾರೆ. ಬಿಡಬೇಡಿ. ಆಮೇಲೆ ನಿಧಾನವಾಗಿ ಕೈಗೆ ಭಾರ ಬರುತ್ತದೆ. ಸ್ಕ್ರೂ ಪಕ್ಕದಲ್ಲಿ ಬುಸ್ ಅಂತ ಗಾಳಿ, ಅದರ ಹಿಂದೆ ಸೋಪಿನ ನೊರೆಯಂಥ ಬಿಳಿ ಡೀಸೆಲ್, ಆಮೇಲೆ ಉಗುಳಿ ಉಗುಳಿ ಬರುವ ಡೀಸೆಲ್. ಗುಳ್ಳೆ ನಿಂತು ದಾರದ ಹಾಗೆ ಒಂದೇ ಸಮ ಬಂದ ಮೇಲೂ ಹತ್ತು ಸಲ ಒತ್ತಿ.

ಸ್ಕ್ರೂ ಬಿಗಿ ಮಾಡುವ ಕ್ಷಣ ಮುಖ್ಯ. ಪ್ರೈಮರ್ ಕೆಳಗೆ ಒತ್ತಿ ಹಿಡಿದಿರುವಾಗಲೇ, ಡೀಸೆಲ್ ಬರುತ್ತಿರುವಾಗಲೇ ಬಿಗಿ ಮಾಡಿ. ಕೈ ಬಿಟ್ಟು ಆಮೇಲೆ ಬಿಗಿ ಮಾಡಿದರೆ ಅದೇ ಸ್ಕ್ರೂವಿನಿಂದ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಅರ್ಧ ಗಂಟೆ ಏರ್ ತೆಗೆದೂ ಸ್ಟಾರ್ಟ್ ಆಗಲಿಲ್ಲ ಅನ್ನುವವರಲ್ಲಿ ತುಂಬಾ ಜನರ ತಪ್ಪು ಇದೊಂದೇ. ಪಂಪಿನ ಮೇಲಿನ ಏರ್ ಸ್ಕ್ರೂವಿಗೂ ಹೀಗೇ ಮಾಡಿ. ಮುಗಿದ ಮೇಲೆ ಪ್ರೈಮರ್ ಗುಂಡಿಯನ್ನು ಕೆಳಗೆ ತಿರುಗಿಸಿ ಬಿಗಿ ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಅದೇ ಗಾಳಿ ಎಳೆಯುತ್ತದೆ. ಕೆಲವು ಗಾಡಿಗಳಲ್ಲಿ ಗುಂಡಿ ಬದಲು ಸಣ್ಣ ಲಿವರ್ ಇರುತ್ತದೆ. ಅದು ಸಡಿಲವಾಗಿ ಆಡಿದರೆ ಇಂಜಿನ್ನನ್ನು ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ. ಒಳಗಿನ ಕ್ಯಾಮ್ ಎತ್ತಿ ಹಿಡಿದಿದ್ದಾಗ ಹಾಗಾಗುತ್ತದೆ.

ಈಗ ನಾಝಲ್ ಪೈಪುಗಳು, ಅಂದರೆ ಪಂಪಿನಿಂದ ಡೀಸೆಲ್ ಸಿಂಪಡಿಸುವ ನಾಝಲ್ಲುಗಳಿಗೆ ಹೋಗುವ ಪೈಪುಗಳು. ನಾಝಲ್ ಕಡೆಯ ನಟ್ಟನ್ನು, ಹೆಚ್ಚಿನವಕ್ಕೆ 17ರ ಸ್ಪ್ಯಾನರ್, ಒಂದು ಸುತ್ತು ಸಡಿಲ ಮಾಡಿ. ನಾಲ್ಕೂ ಬೇಡ, ಎರಡು ಸಾಕು. ಎಕ್ಸಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಸಿ. ನಟ್ಟಿನ ಬುಡದಲ್ಲಿ ನೊರೆ ಹೋಗಿ ಡೀಸೆಲ್ ತಟಕ್ ತಟಕ್ ಅಂತ ಚಿಮ್ಮಿದಾಗ ನಿಲ್ಲಿಸಿ, ಬಿಗಿ ಮಾಡಿ. ಮುಖ, ಕೈ ದೂರ ಇರಲಿ. ಬಿಗಿಯಾಗಿರುವ ಪೈಪಿನ ಲೀಕನ್ನು ಬೆರಳಿಟ್ಟು ಹುಡುಕಲೇಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಗಾಡಿ ಸ್ಟಾರ್ಟ್ ಆಯಿತು, ಮರುದಿನ ಮತ್ತೆ ಅದೇ ಕಥೆ ಅಂದರೆ ಗಾಳಿ ಬರುವ ಜಾಗ ಹುಡುಕಬೇಕು. ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಕ್ಯಾನ್ ಪರೀಕ್ಷೆ ಮೇಲೆ. ಐದು ಲೀಟರಿನ ಶುದ್ಧ ಕ್ಯಾನಿನಲ್ಲಿ ಡೀಸೆಲ್ ಹಾಕಿ, ಇಂಜಿನ್ನಿಗಿಂತ ಎತ್ತರದಲ್ಲಿ ಕಟ್ಟಿ. ಅದರಿಂದ ಹೊಸ ಪೈಪನ್ನು ನೇರ ಫೀಡ್ ಪಂಪಿನ ಬಾಯಿಗೆ ಕೊಡಿ. ಏರ್ ತೆಗೆದು, ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಸೆಲ್ಫ್ ಹೊಡೆಯಿರಿ. ಥಟ್ ಅಂತ ಸ್ಟಾರ್ಟ್ ಆದರೆ ತೊಂದರೆ ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ ಇದೆ. ಪಂಪು ಬಿಚ್ಚುವ ಮಾತೇ ಬೇಡ.

ಆ ದಾರಿಯಲ್ಲಿ ನೋಡಬೇಕಾದದ್ದು: ರಬ್ಬರ್ ಪೈಪಿನ ತುದಿ (ಮಡಚಿ ನೋಡಿ, ಸೀಳು ಆಗಲೇ ಕಾಣುವುದು), ನೀರು ಬೇರ್ಪಡಿಸುವ ಬಟ್ಟಲಿನ ರಬ್ಬರ್ ರಿಂಗ್, ಬೋಲ್ಟಿನ ತಾಮ್ರದ ವಾಷರ್. ಟ್ಯಾಂಕ್ ತುಂಬಿದಾಗ ಸರಿ ಇದ್ದು ಅರ್ಧಕ್ಕೆ ಇಳಿದಾಗ ಕೈ ಕೊಟ್ಟರೆ ಟ್ಯಾಂಕಿನ ಒಳಗಿನ ಹೀರುವ ಪೈಪೇ ತೂತಾಗಿರುತ್ತದೆ. ನಮ್ಮ ಕಡೆ ಸೈಕಲ್ ಟ್ಯೂಬ್ ಸುತ್ತುವುದು, ನಲ್ಲಿ ಟೇಪು ಸುತ್ತುವುದು ಜಾಸ್ತಿ. ಸೈಕಲ್ ಟ್ಯೂಬು ಡೀಸೆಲಿಗೆ ಊದಿ ಮೆತ್ತಗಾಗುತ್ತದೆ. ಟೇಪಿನ ಚೂರು ಬಿಚ್ಚಿಕೊಂಡು ಪಂಪಿನ ಕಡೆ ಹೋಗುತ್ತದೆ. ಡೀಸೆಲಿಗೆ ಅಂತಲೇ ಮಾಡಿದ ಹೋಸ್ ಕೇಳಿ ತನ್ನಿ. ಹೆಸರೇ ಇಲ್ಲದ ಡಬ್ಬದ ಅಗ್ಗದ ಫಿಲ್ಟರ್ ಬೇಡ, ಅದರ ರಬ್ಬರ್ ರಿಂಗ್ ಸರಿಯಾಗಿ ಕೂರುವುದಿಲ್ಲ. ಹೊಸ ತಾಮ್ರದ ವಾಷರ್ ಸಿಗದ ದಿನ ಹಳೆಯದನ್ನೇ ಗ್ಯಾಸ್ ಒಲೆ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ಮತ್ತೆ ಮೆದುವಾಗಿ ಸರಿಯಾಗಿ ಕೂರುತ್ತದೆ.

ಮಳೆಗಾಲದಲ್ಲಿ ನೀರನ್ನೂ ನೋಡಿ. ಫಿಲ್ಟರಿನ ಅಡಿ ಸ್ಕ್ರೂ ಬಿಚ್ಚಿ ಗಾಜಿನ ಬಾಟಲಿಗೆ ಹಿಡಿಯಿರಿ. ಹದಿನೈದು ನಿಮಿಷ ಅಲುಗಾಡಿಸದೆ ಇಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಹಂತ 4: ಬಿಳಿ ಹೊಗೆ ಬಂದರೆ ಹೀಟರ್

ಪ್ಯೂಜೋ ಇಂಜಿನ್ನಿಗೆ, ಡೀಸೆಲ್ ಅಂಬಾಸಿಡರಿಗೆ ಹೀಟರ್ ಪ್ಲಗ್ ಇರುತ್ತದೆ. ಡಿಐ ಇಂಜಿನ್ನಿಗೆ ಸಾಮಾನ್ಯವಾಗಿ ಇರುವುದಿಲ್ಲ, ಅಲ್ಲಿ ಹುಡುಕಿ ಸುಸ್ತಾಗಬೇಡಿ. ನಾಲ್ಕು ಪ್ಲಗ್ಗುಗಳನ್ನು ಜೋಡಿಸಿದ ಪಟ್ಟಿ ಬಿಚ್ಚಿ. ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ತುದಿ ಒಂದೊಂದೇ ಪ್ಲಗ್ಗಿಗೆ ಮುಟ್ಟಿಸಿ. ಉರಿಯದಿದ್ದರೆ ಪ್ಲಗ್ ಸತ್ತಿದೆ. ಒಂದು ಹೋದರೆ ಕಷ್ಟಪಟ್ಟು ಸ್ಟಾರ್ಟ್ ಆಗುತ್ತದೆ, ಚಳಿಯಲ್ಲಿ ಎರಡು ಹೋದರೆ ಆಗುವುದೇ ಕಷ್ಟ. ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಪ್ಲಗ್ ಸರಿಯಿದ್ದರೆ ಪಟ್ಟಿಗೆ 12 ವೋಲ್ಟ್ ಬರುತ್ತಿದೆಯಾ ನೋಡಿ. ಎಷ್ಟೋ ಸಲ ಹೋಗಿರುವುದು ರಿಲೇ, ಅಂದರೆ ಪ್ಲಗ್ಗಿಗೆ ಕರೆಂಟ್ ಬಿಡುವ ಸ್ವಿಚ್ಚು.

ಪ್ಲಗ್ಗೂ ಸರಿ, ಸೆಲ್ಫೂ ಜೋರು, ಆದರೂ ಬಿಳಿ ಹೊಗೆ ಅಂದರೆ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಎಷ್ಟು ಒತ್ತುತ್ತಿದೆ ಅನ್ನುವುದು) ಅಳೆಸಿ. ಡೀಸೆಲ್ ಗೇಜ್ ಇರುವ ಗ್ಯಾರೇಜಿಗೇ ಹೋಗಿ, ಪೆಟ್ರೋಲ್ ಗೇಜ್ ಅಷ್ಟು ಒತ್ತಡ ತಡೆಯುವುದಿಲ್ಲ.

ಹಂತ 5: ಕೊನೆಗೆ ಪಂಪು

ಏರ್ ಪೂರ್ತಿ ತೆಗೆದ ಮೇಲೂ ನಾಝಲ್ ನಟ್ಟಿನಲ್ಲಿ ಡೀಸೆಲ್ ಬರದಿದ್ದರೆ ಮಾತ್ರ ಪಂಪಿನ ಕಡೆ ಬನ್ನಿ. ರೋಟರಿ ಪಂಪಾದರೆ (ತಿರುಗುವ ಒಂದೇ ಭಾಗದಿಂದ ಎಲ್ಲಾ ಸಿಲಿಂಡರಿಗೂ ಡೀಸೆಲ್ ಹಂಚುವ ಬಗೆ) ಮೊದಲು ಸೊಲೆನಾಯ್ಡ್, ಅಂದರೆ ಡೀಸೆಲ್ ದಾರಿ ತೆರೆಯುವ ಕರೆಂಟಿನ ವಾಲ್ವು. ಕೀ ಆನ್ ಮಾಡಿದಾಗ ಅದು ಟಿಕ್ ಅನ್ನಬೇಕು. ಅನ್ನದಿದ್ದರೆ ಅದರ ವೈರು ತೆಗೆದು ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟು ನೋಡಿ. ಈಗ ಟಿಕ್ ಅಂದರೆ ತೊಂದರೆ ವೈರಿನದು ಅಥವಾ ಫ್ಯೂಸಿನದು.

ಅದೂ ಅಲ್ಲ ಅಂದರೆ ಪಂಪು ಬಿಚ್ಚಿಸಿ. ಆದರೆ ಮನೆಯಲ್ಲಿ ತೆರೆಯಬೇಡಿ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ ಕಂಪನಿಯಿಂದಾಗಿ ನಮ್ಮಲ್ಲಿ ಡೀಸೆಲ್ ಪಂಪಿಗೆ ಮೈಕೋ ಪಂಪು ಅನ್ನುವುದೇ ರೂಢಿ. ಅದರೊಳಗೆ ಡೀಸೆಲ್ ಒತ್ತುವ ಕಡ್ಡಿಯಂಥ ಪ್ಲಂಜರಿಗೂ ಅದು ಓಡಾಡುವ ಕೊಳವೆಯಾದ ಬ್ಯಾರಲ್ಲಿಗೂ ನಡುವಿನ ಜಾಗ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ನಮ್ಮ ತಲೆಕೂದಲೇ 70 ಮೈಕ್ರಾನ್ ಆಸುಪಾಸು ದಪ್ಪ. ಅಂಗಳದ ಒಂದು ಧೂಳಿನ ಕಣ ಸಾಕು ಅದನ್ನು ಗೀರಲು. ಬಿಚ್ಚುವ ಮೊದಲು ಪಂಪಿನ ಮೇಲೂ ಇಂಜಿನ್ನಿನ ಮೇಲೂ ಉಳಿಯಿಂದ ಒಂದೇ ಗೆರೆ ಎಳೆಸಿ, ಫೋಟೊ ತೆಗೆದಿಡಿ. ವಾಪಸ್ ಕೂರಿಸುವಾಗ ಆ ಎರಡು ಗೆರೆ ಕೂಡಬೇಕು, ಇಲ್ಲದಿದ್ದರೆ ಟೈಮಿಂಗ್, ಅಂದರೆ ಡೀಸೆಲ್ ಸಿಂಪಡಿಸುವ ಹೊತ್ತು, ತಪ್ಪುತ್ತದೆ. ಅಂಗಡಿಗೆ ಕೊಡುವಾಗ ಕ್ಯಾನ್ ಪರೀಕ್ಷೆಯಲ್ಲಿ ಏನಾಯಿತು ಅನ್ನುವುದನ್ನು ಚೀಟಿಯಲ್ಲಿ ಬರೆದು ಪಂಪಿಗೇ ಕಟ್ಟಿ ಕೊಡಿ.