ನೋವಿನ ಮಾತ್ರೆಗೆ ಬೇರೆ ಸಾಲು

ಮಂಡಿ ಕೀಲು ಬದಲಿಸಿಕೊಂಡವರ ಡಿಸ್ಚಾರ್ಜ್ ಚೀಟಿ ಸಾಮಾನ್ಯವಾಗಿ ಹೀಗಿರುತ್ತದೆ: ಗ್ಯಾಸ್ಟ್ರಿಕ್ ಮಾತ್ರೆ 1-0-0, ಕ್ಯಾಲ್ಸಿಯಂ 0-1-0, ಟ್ರಮಡಾಲ್ ಬೆರೆತ ನೋವಿನ ಮಾತ್ರೆ 1-0-1. ಮೂರಕ್ಕೂ ಸೇರಿಸಿ ಒಂದು ಬ್ರಾಕೆಟ್, ಪಕ್ಕದಲ್ಲಿ ‘15 ದಿನ’. ಕ್ಯಾಲ್ಸಿಯಂ ನಾಲ್ಕು ದಿನ ಹೆಚ್ಚಾದರೆ ಚಿಂತೆಯಿಲ್ಲ. ಟ್ರಮಡಾಲ್ ಅಫೀಮಿನಂತೆ ಕೆಲಸ ಮಾಡುವ ಔಷಧಿ. ಅದನ್ನು ಆ ಬ್ರಾಕೆಟ್ಟಿನೊಳಗೆ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ.

ಬೇರೆ ಊರಿನಲ್ಲಿ ಆಪರೇಷನ್ ಆದ ಅಜ್ಜಿಯೊಬ್ಬರು ನನ್ನ ಬಳಿ ಬಂದಿದ್ದರು. ಗಾಯ ಮಾಗಿತ್ತು, ಮಂಡಿ ಸಲೀಸಾಗಿ ಮಡಚುತ್ತಿತ್ತು. “ಮಾತ್ರೆ ತಪ್ಪಿದ ದಿನ ಕಾಲು ಸೆಳೆಯುತ್ತದೆ ಡಾಕ್ಟರೇ, ಬೆವರು, ರಾತ್ರಿಯೆಲ್ಲ ಹೊರಳಾಟ” ಎಂದರು. ಮಗ ಹಳೆಯ ಚೀಟಿಯನ್ನೇ ತೋರಿಸಿ ತಿಂಗಳುಗಟ್ಟಲೆ ಮಾತ್ರೆ ತಂದುಕೊಡುತ್ತಿದ್ದ. ಅದು ಮಂಡಿಯ ನೋವಲ್ಲ, ಔಷಧಿ ಇಳಿದಾಗ ದೇಹ ಎಬ್ಬಿಸುವ ರಂಪ. ಇನ್ನೊಂದು ಮಾತ್ರೆ ನುಂಗಿದರೆ ಹಾಯೆನಿಸುತ್ತದೆ. ಅಲ್ಲಿಗೆ ನೋವೇ ಇತ್ತೆಂಬ ನಂಬಿಕೆ ಗಟ್ಟಿಯಾಗುತ್ತದೆ. ಒಮ್ಮೆಲೇ ನಿಲ್ಲಿಸದೆ, ವಾರವಾರವೂ ಸ್ವಲ್ಪಸ್ವಲ್ಪ ಇಳಿಸುತ್ತ ಬಿಡಿಸಿದೆವು.

ದೊಡ್ಡ ಆಪರೇಷನ್ ಆದವರಿಗೆ ಮಾತ್ರ ಈ ಅಪಾಯ ಎಂದುಕೊಳ್ಳಬೇಡಿ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮೊದಲು ಇಂಥ ಔಷಧಿ ಬಳಸದಿದ್ದವರ ಪೈಕಿ ಮೂರು ತಿಂಗಳು ಕಳೆದ ಮೇಲೂ ಅದನ್ನು ಕೊಳ್ಳುತ್ತಿದ್ದವರು ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಶೇ 5.9, ದೊಡ್ಡದರಲ್ಲಿ ಶೇ 6.5. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ನಮ್ಮಲ್ಲಿ ಟ್ರಮಡಾಲ್ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಎಚ್1 ಪಟ್ಟಿಯಲ್ಲಿದೆ, 2018ರಿಂದ ಮಾದಕ ದ್ರವ್ಯ ಕಾಯ್ದೆಯಡಿಯೂ ಇದೆ. ಆದರೆ ಎಷ್ಟು ಮಾತ್ರೆ ಎಂದು ಬರೆಯುವ ಪೆನ್ನು ವೈದ್ಯನ ಕೈಯಲ್ಲೇ ಇದೆ.

ಈಗ ಆಪರೇಷನ್ನಿಗೆ ಮುಂಚೆಯೇ ಮನೆಯವರನ್ನೂ ಕೂರಿಸಿಕೊಂಡು ಹೇಳುತ್ತೇನೆ: ಮರಗಟ್ಟಿಸುವ ಇಂಜೆಕ್ಷನ್ನಿನ ಪರಿಣಾಮ ಇಳಿದ ಮೇಲೆ ನೋವು ಜೋರಾಗುತ್ತದೆ, ಅದು ಕೆಟ್ಟ ಸೂಚನೆಯಲ್ಲ. ಪ್ಯಾರಸಿಟಮಾಲ್ ಹೊತ್ತು ಹೊತ್ತಿಗೆ, ನೋವಿರಲಿ ಬಿಡಲಿ. ಮೂತ್ರಪಿಂಡ, ಹೊಟ್ಟೆ ಸರಿಯಿದ್ದವರಿಗೆ ಕೆಲವು ದಿನ ಉರಿಯೂತ ತಗ್ಗಿಸುವ ಮಾತ್ರೆ. ಜೊತೆಗೆ ಐಸ್.

ಮನೆಗೆ ಕಳಿಸುವ ದಿನ ನರ್ಸ್ ಚಾರ್ಟ್ ತರಿಸುತ್ತೇನೆ. ಹಿಂದಿನ 24 ಗಂಟೆಗಳಲ್ಲಿ ಟ್ರಮಡಾಲ್ ಬೇಕಾಗಿರದಿದ್ದರೆ ಬರೆಯುವುದಿಲ್ಲ. ಬೇಕಾಗಿದ್ದರೆ ಅದಕ್ಕೆ ಬೇರೆ ಸಾಲು: ‘ತಡೆಯಲಾಗದಿದ್ದರೆ ಮಾತ್ರ’, ಒಟ್ಟು ಮಾತ್ರೆ ಎಷ್ಟೆಂದು ಚೆಕ್ಕಿನಲ್ಲಿ ಬರೆದಂತೆ ಅಂಕಿಯಲ್ಲೂ ಅಕ್ಷರದಲ್ಲೂ, ಕೆಳಗೆ ನಿಲ್ಲಿಸುವ ತಾರೀಖು. ಫಿಟ್ಸ್ ಇರುವವರು, ಖಿನ್ನತೆಗೋ ನಿದ್ದೆಗೋ ಮಾತ್ರೆ ತೆಗೆದುಕೊಳ್ಳುವವರು ಇದ್ದರೆ ಬೇರೆ ದಾರಿ ಹುಡುಕುತ್ತೇನೆ.

“ಪವರ್ ಇರುವ ಮಾತ್ರೆ ಬರೆಯಿರಿ” ಎಂದು ಒತ್ತಾಯಿಸುವವರು ಇದ್ದೇ ಇರುತ್ತಾರೆ. ನೋವು ತಡೆಯಲಾಗದೆ ಮಂಡಿ ಮಡಚಲು ಹೆದರುವವರಿಗೆ ನಾನು ಜಿಪುಣತನ ಮಾಡುವುದೂ ಇಲ್ಲ; ಕೀಲು ಬಿಗಿದುಕೊಂಡರೆ ಆಪರೇಷನ್ ಮಾಡಿಯೂ ದಂಡ. (ಕ್ಯಾನ್ಸರ್ ನೋವಿಗೆ ಕೊಡುವ ಮಾರ್ಫಿನ್ ಮಾತು ಬೇರೆಯೇ. ಅದನ್ನು ಇದರೊಂದಿಗೆ ಬೆರೆಸಿ ಹೆದರಬಾರದು.)

ಹೊಲಿಗೆ ಬಿಚ್ಚಿಸಲು ಬರುವಾಗ ಉಳಿದ ಮಾತ್ರೆಗಳನ್ನೂ ತರಬೇಕು. ಚೀಟಿಯ ಆ ಸಾಲನ್ನು ಅಡ್ಡ ಹೊಡೆದು ಸಹಿ ಹಾಕುತ್ತೇನೆ, ಅಂಗಡಿಯಲ್ಲಿ ಮತ್ತೆ ನಡೆಯಬಾರದು. ಕೆಲವರು ಬರಿಗೈಯಲ್ಲಿ ಬರುತ್ತಾರೆ: ಪಕ್ಕದ ಮನೆಯವರ ಸೊಂಟನೋವಿಗೆ ಕೊಟ್ಟೆ ಎನ್ನುತ್ತಾರೆ. ಆಗ ಅಲ್ಲೇ ಅವರ ಮೊಬೈಲಿನಿಂದ ಪಕ್ಕದ ಮನೆಗೆ ಫೋನ್ ಮಾಡಿಸುತ್ತೇನೆ.