ಕಾಫಿ ಹೂವಿನ ಘಮಕ್ಕೆ ಕಾರ್ಟಿಸಾಲ್ ಇಳಿಯುತ್ತದಾ? ಜೋಡಿ ಕಟ್ಟಿ ನೋಡಿದ ಅನುಭವ

ಕಾಫಿ ಹೂ ಬಿಟ್ಟಾಗ ಮನಸ್ಸು ಹಗುರಾಗುತ್ತದೆ ಅಂತ ಕೊಡಗಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಗಾದರೆ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ನಿಜವಾಗಿಯೂ ಇಳಿಯುತ್ತದಾ? ಎಂಜಲಿನಲ್ಲೇ ಅಳೆಯಬಹುದು, ಸೂಜಿ ಬೇಕಿಲ್ಲ. ತೊಡಕು ಬೇರೆಯೇ ಇದೆ. ಬೆಳಿಗ್ಗೆ ಎದ್ದ ಅರ್ಧ, ಮುಕ್ಕಾಲು ಗಂಟೆಯಲ್ಲಿ ಕಾರ್ಟಿಸಾಲ್ ಏರುತ್ತದೆ, ಆಮೇಲೆ ರಾತ್ರಿವರೆಗೂ ಇಳಿಯುತ್ತಾ ಹೋಗುತ್ತದೆ. ನಿದ್ದೆಗೆಟ್ಟರೆ, ಮೈಮುರಿದು ದುಡಿದರೆ, ಗರ್ಭನಿರೋಧಕ ಮಾತ್ರೆ ತಗೊಂಡರೆ ಲೆಕ್ಕ ಬದಲಾಗುತ್ತದೆ. ಸುಮ್ನೆ ಎರಡು ಗುಂಪು ಮಾಡಿದರೆ ಘಮದ ಸಣ್ಣ ಪರಿಣಾಮ ಕಾಣಿಸುವುದೇ ಇಲ್ಲ.

ಅದಕ್ಕೇ ಜೋಡಿ ಕಟ್ಟಿದೆ. ತೋಟದ ಕೆಲಸಗಾರರು ಇರುವ ಲೈನ್ ಮನೆಗಳಲ್ಲಿ ಒಪ್ಪಿಗೆ ಕೊಟ್ಟವರಲ್ಲಿ ಒಂದೇ ಲಿಂಗ, ಹತ್ತಿರದ ವಯಸ್ಸು, ಒಂದೇ ಹೊತ್ತಿಗೆ ಏಳುವವರು, ಒಂದೇ ಥರದ ಕೆಲಸದವರು ಒಂದು ಜೋಡಿ. ಯಾರಿಗೆ ಹೂ, ಯಾರಿಗೆ ಬರೀ ಕಾಫಿ ಎಲೆ ಅಂತ ನಾಣ್ಯ ಚಿಮ್ಮಿ ತೀರ್ಮಾನ.

"ಅಲ್ಲ ಮೇಡಂ, ಹೂವಿನ ವಾಸನೆ ನಮಗೇನು ಹೊಸದಾ?" ಅಂತ ಒಬ್ಬಾಕೆ ಕೇಳಿದಳು. ಒಳ್ಳೆಯ ಪ್ರಶ್ನೆ. ತೋಟವೇ ಘಮಗುಡುವಾಗ ಎಲೆ ಹಿಡಿದವರ ಮೂಗಿಗೂ ಹೂವೇ ಬಡಿಯುತ್ತದೆ ಅಲ್ವಾ? ಫೆಬ್ರವರಿಯಲ್ಲೇ ಸ್ಪ್ರಿಂಕ್ಲರ್ ಹಾಕಿದ ರೋಬಸ್ಟಾ ಕಾಫಿ ತೋಟದಲ್ಲಿ ವಾರ, ಹತ್ತು ದಿನಕ್ಕೆ ಹೂ ಅರಳುತ್ತದೆ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಕಾಯುವ ತೋಟ ಆಗಿನ್ನೂ ಮೊಗ್ಗಿನಲ್ಲೇ ಇರುತ್ತದೆ. ಮೊದಲಿನ ತೋಟದ ಹೂ ಕಿತ್ತು ಎರಡನೆಯದಕ್ಕೆ ಒಯ್ದೆ.

ಜೋಡಿಯ ಇಬ್ಬರೂ ಒಂದೇ ಸಮಯಕ್ಕೆ, ಬೇರೆ ಬೇರೆ ಕೋಣೆಯಲ್ಲಿ. ಒಂದು ಗಂಟೆ ಮೊದಲೇ ಕಾಫಿ, ತಿಂಡಿ, ಎಲೆಅಡಿಕೆ ಬಂದ್. ಬಾಯಿ ಮುಕ್ಕಳಿಸಿ, ಸ್ವಲ್ಪ ಹೊತ್ತು ಕೂತು ಮೊದಲ ಟ್ಯೂಬ್ ತುಂಬಬೇಕು. ಹೂ ಮೂಸಿದ ತಕ್ಷಣ ಎಂಜಲು ತಗೊಂಡರೆ ಪ್ರಯೋಜನವಿಲ್ಲ. ಬದಲಾವಣೆ ಅಲ್ಲಿ ಕಾಣಲು ಇಪ್ಪತ್ತು, ಮೂವತ್ತು ನಿಮಿಷ ಬೇಕು, ಎರಡನೆಯ ಟ್ಯೂಬ್ ಆಮೇಲೆಯೇ. ಟ್ಯೂಬ್ ಮೇಲೆ ಬರೀ ನಂಬರ್, ಲ್ಯಾಬಿನವರಿಗೆ ಹೂ ಯಾರದು ಗೊತ್ತಾಗಬಾರದು.

ಪ್ರತಿಯೊಬ್ಬರ ಏರಿಳಿತ ಬರೆದು, ಜೋಡಿಯೊಳಗೆ ಒಂದರಿಂದ ಒಂದನ್ನು ಕಳೆದೆ. ಆ ವ್ಯತ್ಯಾಸಗಳಿಗಷ್ಟೇ ಟಿ ಪರೀಕ್ಷೆ, ಅಂದರೆ ಸರಾಸರಿ ವ್ಯತ್ಯಾಸ ಬರೀ ಆಕಸ್ಮಿಕವಾಗಿರಬಹುದಾ ಅಂತ ನೋಡುವ ಲೆಕ್ಕ. 1908ರಲ್ಲಿ ವಿಲಿಯಂ ಗಾಸೆಟ್ 'ಸ್ಟೂಡೆಂಟ್' ಹೆಸರಿನಲ್ಲಿ ಕೊಟ್ಟ ದಾರಿ ಇದು. ಜೋಡಿಯಲ್ಲಿ ಒಬ್ಬರು ಬಿಟ್ಟುಹೋದರೆ ಇನ್ನೊಬ್ಬರ ಲೆಕ್ಕವೂ ಹೋಗುತ್ತದೆ, ಅದು ನೋವಿನ ಸಂಗತಿ.

ವ್ಯತ್ಯಾಸಗಳು ಸೊನ್ನೆಯ ಎರಡೂ ಕಡೆ ಬಿದ್ದವು. ಹೂವಿನಿಂದ ಕಾರ್ಟಿಸಾಲ್ ಇಳಿಯುತ್ತದೆ ಅಂತ ಇಷ್ಟರಿಂದ ಹೇಳುವ ಹಾಗಿಲ್ಲ. ಮುಂದಿನ ಹೂವಿಗೆ ಒಬ್ಬರನ್ನೇ ಅವರ ಜೋಡಿ ಮಾಡುತ್ತೇನೆ: ಒಂದು ದಿನ ಹೂ, ಮರುದಿನ ಅದೇ ಹೊತ್ತಿಗೆ ಎಲೆ. ಯಾವುದು ಮೊದಲು ಅನ್ನುವುದು ಆಗಲೂ ನಾಣ್ಯಕ್ಕೇ ಬಿಟ್ಟಿದ್ದು.