ಕೊನೆಯ ಹಾಲು ಮತ್ತು ಒಂದು ಒಳಲೆ: 1 ಕೆಜಿ 900 ಗ್ರಾಂ ಮಗು ತೂಕ ಹಿಡಿದ ಬಗೆ

ನಂಜನಗೂಡು ಕಡೆಯ ನಮ್ಮೂರಿನಲ್ಲಿ ನಾನು ಆಶಾ ಕೆಲಸಕ್ಕೆ ಸೇರಿ ಹದಿಮೂರು ವರ್ಷವಾಯಿತು. ಎರಡು ಕೆಜಿಯೂ ಇಲ್ಲದ ಮಗುವನ್ನು ಡಬ್ಬಿ ಹಾಲು ಮುಟ್ಟಿಸದೆ ಬೆಳೆಸಬಹುದು ಎಂದಾಗ ಜೊತೆಯ ಆಶಾಗಳೇ ನಂಬಲಿಲ್ಲ. ಕಳೆದ ವರ್ಷ ಮಾಡಿ ತೋರಿಸಿದೆ.

ಅದಕ್ಕೆ ಮೊದಲು ಎರಡು ಮನೆಗಳಲ್ಲಿ ಸೋತಿದ್ದೆ. ಒಂದರಲ್ಲಿ ಹಿಂಡಿದ ಹಾಲನ್ನು ಬಾಟಲಿಗೆ ಹಾಕಲು ಒಪ್ಪಿಬಿಟ್ಟೆ. ನಿಪ್ಪಲ್ಲಿನ ಸಂದಿಯಲ್ಲಿ ಹಳೆಯ ಹಾಲು ಕಟ್ಟಿಕೊಂಡಿತ್ತು. ವಾರದೊಳಗೆ ಮಗುವಿಗೆ ಭೇದಿ ಹತ್ತಿತು. ಇನ್ನೊಂದು ಮನೆಯವರು ಡಬ್ಬಿ ಹಾಲಿಗೆ ಹೋದರು. ಡಬ್ಬಿಗೆ ಆಗ 400 ರೂಪಾಯಿ ಚಿಲ್ಲರೆ. ಸಂಘದಲ್ಲಿ ಸಾಲ ಎತ್ತಿದರು, ಅದೂ ಸಾಲದಾದಾಗ ನೀರು ಹೆಚ್ಚಿಸಿ ಐದಾರು ದಿನದ ಪುಡಿಯನ್ನು ಹತ್ತು ದಿನ ಓಡಿಸಿದರು. ಮೇಲೆ ಕತ್ತೆ ಹಾಲಿನವನಿಗೆ ಒಂದು ಒಳಲೆಗೆ (ಮಗುವಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು) 50 ರೂಪಾಯಿ. ತಿಂಗಳಿಗೆ ಮುನ್ನೂರು ಗ್ರಾಂ ಕೂಡ ಏರಲಿಲ್ಲ. ಮಗುವನ್ನು ನೋಡಲು ಆ ಮನೆಗೆ ಹೋದ ಆರು ಭೇಟಿಗೆ ಆಶಾ ಕೆಲಸದ 250 ರೂಪಾಯಿ ಕೈಗೆ ಬಂದಾಗ ಮುಟ್ಟಲು ಮನಸ್ಸಾಗಲಿಲ್ಲ.

ಮೂರನೆಯದು ಹೆಣ್ಣು ಮಗು, ತಿಂಗಳು ತುಂಬಿಯೇ ಹುಟ್ಟಿತ್ತು, ಹುಟ್ಟಿದಾಗ 1 ಕೆಜಿ 900 ಗ್ರಾಂ. ಏಳನೆಯ ದಿನ ಜೋಳಿಗೆ ತಕ್ಕಡಿ 1 ಕೆಜಿ 800 ತೋರಿಸಿತು. ಪಕ್ಕದಲ್ಲಿ ಕುಳಿತು ನೋಡಿದೆ. ಮಗು ಐದು ನಿಮಿಷ ಚೀಪಿ ಸುಸ್ತಾಗುತ್ತಿತ್ತು, ಅಜ್ಜಿ ತಕ್ಷಣ ಇನ್ನೊಂದು ಕಡೆಗೆ ಹಾಕಿಸುತ್ತಿದ್ದರು. ಎರಡೂ ಕಡೆ ಮೊದಲು ಇಳಿಯುವ ತೆಳು ಹಾಲಷ್ಟೇ ಅದಕ್ಕೆ ಸಿಗುತ್ತಿತ್ತು, ಜಿಡ್ಡಿರುವ ಕೊನೆಯ ಹಾಲು ಒಳಗೇ ಉಳಿಯುತ್ತಿತ್ತು. ಅಂದಿನಿಂದ ಒಂದು ಹೊತ್ತಿಗೆ ಒಂದೇ ಕಡೆ. ಮಗು ಬಿಟ್ಟ ಮೇಲೆ ಅದೇ ಕಡೆಯ ಉಳಿದ ಹಾಲನ್ನು ಕೈಯಿಂದ ಹಿಂಡಿ, ಕುದಿಸಿ ತೊಳೆದ ಒಳಲೆಯಲ್ಲಿ ನಿಧಾನವಾಗಿ ಕುಡಿಸುವುದು. ರಾತ್ರಿಯೂ ಸೇರಿ ದಿನಕ್ಕೆ ಹತ್ತು ಹನ್ನೆರಡು ಸಲ. ಮಧ್ಯೆ ಮಗು ತಾಯಿಯ ಬರಿ ಎದೆಯ ಮೇಲೆ. ಬಿಗಿದ ಎದೆಯಿಂದ ಮೊದಲ ಹನಿ ಇಳಿಸುವ ಕೈಪಟ್ಟು ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ಕೈಯಲ್ಲಿ ತೋರಿಸುತ್ತೇನೆ.

ಅಜ್ಜಿ ಒಪ್ಪಲಿಲ್ಲ. “ಅವಳಿಗೆ ಹಾಲೇ ಇಲ್ಲ, ಇದೇನು ಹಿಂಸೆ” ಎಂದರು. ಟಾನಿಕ್ಕಿನ ಎರಡು ಸಣ್ಣ ಗಾಜಿನ ಶೀಶೆ ತೊಳೆದು, ಒಂದಕ್ಕೆ ಮೊದಲ ಹಾಲು, ಇನ್ನೊಂದಕ್ಕೆ ಕೊನೆಯ ಹಾಲು ಹಿಂಡಿಸಿ ಗೂಡಿನಲ್ಲಿಟ್ಟೆ. ಬೆಳಿಗ್ಗೆ ಮೊದಲನೆಯದರಲ್ಲಿ ನೀಲಿಬಣ್ಣದ ನೀರಿನ ಮೇಲೆ ಎಳೆಯಷ್ಟು ಕೆನೆ, ಎರಡನೆಯದರಲ್ಲಿ ಉಗುರಿನಗಲ. ಅಜ್ಜಿ ಶೀಶೆಯನ್ನು ಬೆಳಕಿಗೆ ಹಿಡಿದು, “ಎಮ್ಮೆ ಕರೆಯುವಾಗಲೂ ಕೊನೆಯ ಹಾಲಿನಲ್ಲೇ ಜಿಡ್ಡು ಕಣಮ್ಮ” ಎಂದರು. ಆ ರಾತ್ರಿಯಿಂದ ಒಳಲೆ ಅವರ ಕೈಗೆ ಹೋಯಿತು.

ಹದಿನಾಲ್ಕನೆಯ ದಿನ ಹುಟ್ಟಿದ ತೂಕಕ್ಕೆ ಮರಳಿತು. ಇಪ್ಪತ್ತೆಂಟಕ್ಕೆ 2 ಕೆಜಿ 350ರ ಆಸುಪಾಸು, ನಲವತ್ತೆರಡಕ್ಕೆ 2 ಕೆಜಿ 800. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಎರಡು ಸಲ ತೂಗಿಸಿದರು. ಮನೆಯವರ ಖರ್ಚು ಒಳಲೆಯ ಬೆಲೆಯಷ್ಟೇ.

ನನ್ನ ಹಟಕ್ಕೆ ಕಾರಣ ಮೈಸೂರಿನಲ್ಲೇ ಇದೆ. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದ ಐನೂರಕ್ಕೂ ಹೆಚ್ಚು ಮಂದಿಯನ್ನು ಹುಡುಕಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ, ತೂಕವಿಲ್ಲದ ತಾಯಂದಿರ ಮಕ್ಕಳಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿತ್ತು. ಅದನ್ನು ತರಬೇತಿಯಲ್ಲಿ ಕೇಳಿದಂದಿನಿಂದ ಬಸುರಿಯರನ್ನು ಅಂಗನವಾಡಿಯಲ್ಲಿ ಕೊಡುವ ಮಾತೃಪೂರ್ಣ ಯೋಜನೆಯ ಊಟಕ್ಕೆ ನಾನೇ ಕರೆದುಕೊಂಡು ಹೋಗಿ ಕೂರಿಸುತ್ತೇನೆ.

ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿಯಲ್ಲೂ ಒಂದು ಪ್ರಯೋಗ ಮಾಡಿದೆ. ಗಟ್ಟಿ ಸರಿಯನ್ನು ಮಗು ಉಗುಳುತ್ತಿತ್ತು. ನೀರು ಹಾಕಿದರೆ ಹೊಟ್ಟೆ ತುಂಬುತ್ತಿತ್ತು, ತೂಕ ಏರುತ್ತಿರಲಿಲ್ಲ. ಬೆಚ್ಚಗಿದ್ದ ಗಟ್ಟಿ ಸರಿಗೆ ಮೊಳಕೆ ರಾಗಿಯ ಹಿಟ್ಟು ಚಿಟಿಕೆಯಷ್ಟು ಕಲಸಿದೆ. ಕೆಲವೇ ನಿಮಿಷದಲ್ಲಿ ಸರಿ ತಾನಾಗಿ ಸಡಿಲವಾಯಿತು. ಮತ್ತೆ ಒಂದು ಕುದಿ ಬರಿಸಿ ಆರಿಸಿದೆವು. ಬಟ್ಟಲಿನ ರಾಗಿ ಕಡಿಮೆಯಾಗಲಿಲ್ಲ, ಮಗು ಬಟ್ಟಲು ನೆಕ್ಕಿತು.